‘ಆರಾಮ ಅದೀನ್ರಿ’: ಆಲೋಚನೆಯ ಹತ್ತು ದೋಷಗಳು ಮತ್ತು ವಿದ್ಯಾರ್ಥಿಯ ಉತ್ತರ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆಯಲ್ಲಿ ಪರಿಚಿತರಿಬ್ಬರು ಎದುರಾದರೆ ಮೊದಲು ಹೊರಡುವ ಮಾತು ‘ಆರಾಮ ಅದಿರೇನ್ರಿ?’ ಎಂಬುದು. ಅದಕ್ಕೆ ಬರುವ ಉತ್ತರವೂ ಮೊದಲೇ ಗೊತ್ತಿರುವಂಥದು: ‘ಆರಾಮ ಅದೀನ್ರಿ.’ ಮುಂಗಾರು ಕೈಕೊಟ್ಟ ವರ್ಷದಲ್ಲಿಯೂ, ಉಳ್ಳಾಗಡ್ಡಿಯ ಧಾರಣಿ ಕುಸಿದ ವಾರದಲ್ಲಿಯೂ, ಮನೆಯೊಳಗೆ ಹಾಸಿಗೆ ಹಿಡಿದವರಿರುವ ದಿನದಲ್ಲಿಯೂ ಮೊದಲ ಉತ್ತರ ಇದೇ ಆಗಿರುತ್ತದೆ. ಹೀಗೆ ಹೇಳಿದವರನ್ನು ಆ ಸೀಮೆಯಲ್ಲಿ ಯಾರೂ ಸುಳ್ಳುಗಾರರೆಂದು ಎಣಿಸುವುದಿಲ್ಲ. ಕೇಳಿದವರು ಮರ್ಯಾದೆ ತೋರಿದರು, ಹೇಳಿದವರು ಆ ಮರ್ಯಾದೆಯನ್ನು ಹಿಂದಿರುಗಿಸಿದರು. ಅಷ್ಟೇ ಅದರ ಅರ್ಥ. ನಿಜವಾದ ಸುದ್ದಿ ತಡವಾಗಿ ಬರುತ್ತದೆ. ಕಟ್ಟೆಯ ಮೇಲೆ ಕುಳಿತು, ನೀರು ಕುಡಿದು, ಚಹಾ ಮುಗಿದು, ಒಂದಿಷ್ಟು ಹೊತ್ತು ಸುಮ್ಮನಿದ್ದು, ಕೇಳಿದವರು ಇನ್ನೊಮ್ಮೆ ‘ಮತ್ತ?’ ಎಂದಾಗ ಒಳಗಿನ ಮಾತು ಹೊರಗೆ ಬರುತ್ತದೆ.

ವಿಶ್ವವಿದ್ಯಾಲಯಕ್ಕೆ ಹೊಸದಾಗಿ ಬಂದ ವಿದ್ಯಾರ್ಥಿಗಳ ‘ಹೊಂದಾಣಿಕೆ’ಯನ್ನು ಅಳೆಯುವ ಪ್ರಶ್ನಾವಳಿಗಳು ಕೇಳುವುದೂ ಬಹುಮಟ್ಟಿಗೆ ಇದೇ ಮೊದಲ ಪ್ರಶ್ನೆಯನ್ನು. ಅಮೆರಿಕದಲ್ಲಿ ರಾಬರ್ಟ್ ಬೇಕರ್ ಮತ್ತು ಬೋಹ್ಡನ್ ಸಿರಿಕ್ 1980ರ ದಶಕದಲ್ಲಿ ರೂಪಿಸಿದ ಪ್ರಸಿದ್ಧ ಮಾಪಕದಲ್ಲಿ 67 ಹೇಳಿಕೆಗಳಿವೆ. ಓದು, ಸಹವಾಸ, ಮನಸ್ಸು ಮತ್ತು ದೇಹದ ಸ್ಥಿತಿ, ಸಂಸ್ಥೆಯೊಡನೆ ಬೆಳೆದ ಬಾಂಧವ್ಯ ಎಂಬ ನಾಲ್ಕು ವಿಭಾಗಗಳಲ್ಲಿ ಹಂಚಿಕೆಯಾದ ಒಂದೊಂದು ಹೇಳಿಕೆಗೂ ವಿದ್ಯಾರ್ಥಿ 9 ಹಂತಗಳಲ್ಲಿ ಒಂದನ್ನು ಗುರುತಿಸಬೇಕು. ಭಾರತದಲ್ಲಿ ಎ.ಕೆ.ಪಿ. ಸಿನ್ಹಾ ಮತ್ತು ಆರ್.ಪಿ. ಸಿಂಗ್ ಅವರ ಕಾಲೇಜು ವಿದ್ಯಾರ್ಥಿಗಳ ಹೊಂದಾಣಿಕೆ ಮಾಪಕ ಬಹಳ ಬಳಕೆಯಲ್ಲಿದೆ. ಮನೆ, ಆರೋಗ್ಯ, ಸಮಾಜ, ಭಾವನೆ, ಶಿಕ್ಷಣ ಎಂಬ ಐದು ಕ್ಷೇತ್ರಗಳಿಗೆ ಸೇರಿದ 102 ಪ್ರಶ್ನೆಗಳು ಅದರಲ್ಲಿವೆ. ಉತ್ತರ ಹೌದು ಅಥವಾ ಇಲ್ಲ. ಶಿಕ್ಷಣಶಾಸ್ತ್ರ ಮತ್ತು ಮನೋವಿಜ್ಞಾನದ ಎಷ್ಟೋ ಪ್ರಬಂಧಗಳ ಕೋಷ್ಟಕಗಳು ಇಂಥ ಗೆರೆಗಳ ಮೊತ್ತದಿಂದ ಹುಟ್ಟುತ್ತವೆ. ವಿದ್ಯಾರ್ಥಿ ತನ್ನ ಬಗ್ಗೆ ತಾನೇ ಹೇಳಿದ್ದೇ ಇಲ್ಲಿ ಏಕೈಕ ಸಾಕ್ಷ್ಯ.

ಈ ಸಾಕ್ಷ್ಯದ ದೌರ್ಬಲ್ಯವನ್ನು ಮನೋವಿಜ್ಞಾನಿಗಳು ತಾವೇ ಕಂಡುಕೊಂಡಿದ್ದಾರೆ. ಮನುಷ್ಯ ತನ್ನ ಬಗ್ಗೆ ಕೇಳಿದಾಗ ಇದ್ದದ್ದನ್ನು ಹೇಳುವುದಕ್ಕಿಂತ ಮೆಚ್ಚುಗೆಯಾಗುವುದನ್ನು ಹೇಳುವ ಕಡೆಗೆ ವಾಲುತ್ತಾನೆ. ಇದನ್ನು ಸಾಮಾಜಿಕ ಅಪೇಕ್ಷಣೀಯತೆಯ ಒಲವು ಎನ್ನಬಹುದು. ಅಲೆನ್ ಎಡ್ವರ್ಡ್ಸ್ 1957ರಲ್ಲಿ ಈ ವಿಷಯಕ್ಕೇ ಮೀಸಲಾದ ಗ್ರಂಥವನ್ನು ಪ್ರಕಟಿಸಿದರು. 1960ರಲ್ಲಿ ಡಗ್ಲಸ್ ಕ್ರೌನ್ ಮತ್ತು ಡೇವಿಡ್ ಮಾರ್ಲೋ 33 ಹೇಳಿಕೆಗಳ ಒಂದು ಮಾಪಕವನ್ನು ರಚಿಸಿ, ಯಾರು ಎಷ್ಟರಮಟ್ಟಿಗೆ ತಮ್ಮನ್ನು ತಾವು ಸಜ್ಜನರನ್ನಾಗಿ ತೋರಿಸಿಕೊಳ್ಳುತ್ತಾರೆ ಎಂಬುದನ್ನೇ ಅಳೆಯಲು ಹೊರಟರು. 1984ರಲ್ಲಿ ಡೆಲ್ರಾಯ್ ಪೌಲ್ಹಸ್ ಈ ಒಲವಿನೊಳಗೆ ಎರಡು ಎಳೆಗಳಿರುವುದನ್ನು ಬೇರ್ಪಡಿಸಿದರು. ಒಂದು, ಎದುರಿನವರ ಮುಂದೆ ತನ್ನ ಚಿತ್ರವನ್ನು ಬೇಕೆಂದೇ ತಿದ್ದಿ ತೋರಿಸುವುದು. ಇನ್ನೊಂದು, ಆ ತಿದ್ದಿದ ಚಿತ್ರವನ್ನು ತಾನೇ ನಂಬುವುದು. ಜೈನ ಪರಿಭಾಷೆ ಬಲ್ಲವರಿಗೆ ಇಲ್ಲಿ ಮಾಯಾ ಮತ್ತು ಮಿಥ್ಯಾ ಎಂಬ ಎರಡು ಶಲ್ಯಗಳು ನೆನಪಾದರೆ ಅಚ್ಚರಿಯಿಲ್ಲ. ಮಿಥ್ಯಾಶಲ್ಯ ತತ್ತ್ವದ ವಿಷಯದಲ್ಲಿನ ತಪ್ಪು ನಂಬಿಕೆಯಾದ್ದರಿಂದ ಸಾಮ್ಯ ಪೂರ್ಣವಲ್ಲ. ಆದರೂ ಪರರನ್ನು ವಂಚಿಸುವ ಮುಳ್ಳು ಬೇರೆ, ತನ್ನನ್ನೇ ವಂಚಿಸಿಕೊಳ್ಳುವ ಮುಳ್ಳು ಬೇರೆ ಎಂಬ ವಿವೇಕ ಎರಡು ಕಡೆಯೂ ಒಂದೇ.

ಆದರೆ ಜೈನ ಪರಂಪರೆ ಈ ವಿಷಯದಲ್ಲಿ ಕೊಟ್ಟಿರುವುದು ಇದಕ್ಕಿಂತ ಹೆಚ್ಚಿನದು. ಇಂದಿನ ಕನ್ನಡದಲ್ಲಿ ‘ಆಲೋಚನೆ’ ಎಂದರೆ ಯೋಚನೆ. ಜೈನ ಆಚಾರಗ್ರಂಥಗಳಲ್ಲಿ ಅದೇ ಪದಕ್ಕೆ ನಿಶ್ಚಿತವಾದ ಬೇರೊಂದು ಅರ್ಥವಿದೆ: ತನ್ನಿಂದಾದ ಪ್ರಮಾದವನ್ನು ಗುರುವಿನ ಕಣ್ಣಿಗೆ ಕಾಣುವಂತೆ ಮುಂದಿಡುವುದು. ಪ್ರಾಯಶ್ಚಿತ್ತದ ಒಂಬತ್ತು ಭೇದಗಳಲ್ಲಿ ತತ್ತ್ವಾರ್ಥಸೂತ್ರ ಮೊದಲು ಹೆಸರಿಸುವುದು ಇದನ್ನೇ. ಅದಕ್ಕೆ ವೃತ್ತಿ ಬರೆದ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಆಲೋಚನೆ ಹತ್ತು ದೋಷಗಳಿಂದ ಮುಕ್ತವಾಗಿರಬೇಕು ಎನ್ನುತ್ತಾರೆ. ಆ ಹತ್ತು ದೋಷಗಳನ್ನು ವಿಸ್ತಾರವಾಗಿ ವಿವರಿಸಿದ ಪ್ರಾಚೀನ ಗ್ರಂಥ ಶಿವಾರ್ಯರ ಭಗವತೀ ಆರಾಧನಾ. ಸಮಾಧಿಮರಣವನ್ನು ವಿಷಯವಾಗಿ ಉಳ್ಳ, ಎರಡು ಸಾವಿರಕ್ಕೂ ಮಿಕ್ಕಿದ ಪ್ರಾಕೃತ ಗಾಥೆಗಳ ಈ ಕೃತಿಯನ್ನು ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳು ವಡ್ಡಾರಾಧನೆಯ ಮೂಲಕ ಬಲ್ಲರು. ವಡ್ಡಾರಾಧನೆಯ 19 ಕಥೆಗಳ ತಲೆಯಲ್ಲಿರುವ ಗಾಥೆಗಳು ಈ ಗ್ರಂಥದವು.

ಹತ್ತು ದೋಷಗಳು ಇವು. ಗುರುವಿಗೆ ಸೇವೆ ಸಲ್ಲಿಸಿ, ಮನಸ್ಸು ಕರಗಿಸಿ, ಅನಂತರ ಹೇಳುವುದು ಆಕಂಪಿತ. ತಾನು ದುರ್ಬಲನೆಂದು ಮೊದಲೇ ತೋರಿಸಿಕೊಂಡು, ಗುರು ಎಷ್ಟು ಮೃದುವಾಗಬಹುದೆಂದು ಅಂದಾಜಿಸಿ ಹೇಳುವುದು ಅನುಮಾನಿತ. ಇತರರು ಕಂಡದ್ದನ್ನು ಮಾತ್ರ ಒಪ್ಪಿ ಕಾಣದ್ದನ್ನು ಬಿಡುವುದು ದೃಷ್ಟ. ದೊಡ್ಡದನ್ನು ಹೇಳಿ ಸಣ್ಣದನ್ನು ಮುಚ್ಚುವುದು ಬಾದರ. ಸಣ್ಣದನ್ನು ಹೇಳಿ ದೊಡ್ಡದನ್ನು ಮುಚ್ಚುವುದು ಸೂಕ್ಷ್ಮ. ‘ಇಂಥ ತಪ್ಪು ಮಾಡಿದವರಿಗೆ ಏನು ಪ್ರಾಯಶ್ಚಿತ್ತ?’ ಎಂದು ಯಾರದೋ ವಿಷಯವೆಂಬಂತೆ ಕೇಳುವುದು ಛನ್ನ. ಪಾಕ್ಷಿಕ, ಚಾತುರ್ಮಾಸಿಕ ಪ್ರತಿಕ್ರಮಣದ ವೇಳೆ ಇಡೀ ಸಂಘ ಒಟ್ಟಿಗೆ ನುಡಿಯುವ ಗದ್ದಲದಲ್ಲಿ ತನ್ನ ಮಾತು ಕೇಳಿಸದಂತೆ ಹೇಳುವುದು ಶಬ್ದಾಕುಲಿತ. ಒಬ್ಬ ಗುರು ಹೇಳಿದ್ದರಲ್ಲಿ ನಂಬಿಕೆಯಿಡದೆ ಹಲವರನ್ನು ಕೇಳುತ್ತ ಹೋಗುವುದು ಬಹುಜನ. ತಿಳಿವಳಿಕೆಯಿಲ್ಲದವನ ಮುಂದೆ ಹೇಳಿ ಮುಗಿಸುವುದು ಅವ್ಯಕ್ತ. ಅದೇ ದೋಷವುಳ್ಳವನ ಮುಂದೆ ಹೇಳುವುದು ತತ್ಸೇವಿ.

ಈ ಪಟ್ಟಿಯನ್ನು ಗಮನವಿಟ್ಟು ಓದಿದವರಿಗೆ ಒಂದು ಸಂಗತಿ ಹೊಳೆಯದಿರದು. ಹತ್ತರಲ್ಲಿ ನೇರವಾದ ಸುಳ್ಳು ಒಂದೂ ಇಲ್ಲ. ಪ್ರತಿಯೊಂದರಲ್ಲಿಯೂ ಏನನ್ನೋ ಹೇಳಲಾಗುತ್ತದೆ; ಹೇಳಿದ್ದರ ಅಕ್ಷರ ನಿಜವೂ ಆಗಿರಬಹುದು. ದೋಷವಿರುವುದು ಹೇಳುವ ಪ್ರಮಾಣದಲ್ಲಿ, ಹೊತ್ತಿನಲ್ಲಿ, ಸ್ಥಳದಲ್ಲಿ, ಎಲ್ಲಕ್ಕಿಂತ ಮಿಗಿಲಾಗಿ ಕೇಳುವವನ ಆಯ್ಕೆಯಲ್ಲಿ. ಕೊನೆಯ ಮೂರು ದೋಷಗಳಂತೂ ಪೂರ್ತಿಯಾಗಿ ಕೇಳುವವನಿಗೆ ಸಂಬಂಧಿಸಿದವು. ಸ್ವವರದಿ ಎಂಬುದು ಒಬ್ಬ ವ್ಯಕ್ತಿಯೊಳಗೆ ಸಿದ್ಧವಾಗಿ ಕುಳಿತ ವಸ್ತುವಲ್ಲ, ಹೇಳುವವರ ಮತ್ತು ಕೇಳುವವರ ನಡುವೆ ಆ ಕ್ಷಣದಲ್ಲಿ ಹುಟ್ಟುವ ಸಂಬಂಧ ಎಂಬುದನ್ನು ಈ ಆಚಾರ್ಯರು ಅರಿತಿದ್ದರು.

ತರಗತಿಯ ಕೋಣೆಗೆ ಬಂದು ನೋಡಿದರೆ ಹತ್ತರಲ್ಲಿ ಹಲವು ದೋಷಗಳು ಸಲೀಸಾಗಿ ಗುರುತು ಸಿಗುತ್ತವೆ. ಆಂತರಿಕ ಅಂಕ ಕೊಡುವ ಅಧ್ಯಾಪಕರೇ ಪ್ರಶ್ನಾವಳಿ ಹಂಚಿದರೆ ಉತ್ತರದಲ್ಲಿ ಆಕಂಪಿತದ ಛಾಯೆ ಬಾರದಿರಲು ಸಾಧ್ಯವಿಲ್ಲ. ಅಂಕಪಟ್ಟಿಯಲ್ಲಿ ಈಗಾಗಲೇ ಕಾಣುವ ಸೋಲನ್ನು ವಿದ್ಯಾರ್ಥಿ ಒಪ್ಪಿ, ಯಾರಿಗೂ ಕಾಣದ ಒಂಟಿತನವನ್ನು ಬಿಟ್ಟರೆ ಅದು ದೃಷ್ಟ. ಮೆಸ್ಸಿನ ಸಾರು ತೆಳುವಾಗಿದೆಯೆಂದು ಬರೆದು, ಊಟದ ಸಾಲಿನಲ್ಲಿ ಜಾತಿ ಕೇಳಿದವರ ಮಾತನ್ನು ಬರೆಯದಿದ್ದರೆ ಅದು ಸೂಕ್ಷ್ಮ. ಅರವತ್ತು ಮಂದಿ ಒಂದೇ ಕೋಣೆಯಲ್ಲಿ ಒಬ್ಬರ ಹಾಳೆಯನ್ನು ಇನ್ನೊಬ್ಬರು ಇಣುಕುತ್ತ ಗೆರೆ ಎಳೆಯುವುದು ಶಬ್ದಾಕುಲಿತವೇ. ಎಲ್ಲವನ್ನೂ ಬಿಚ್ಚಿ ಹೇಳುವುದು ಕೊನೆಗೆ ತನ್ನಂತೆಯೇ ಬಳಲುತ್ತಿರುವ ಕೋಣೆಯ ಗೆಳೆಯನಿಗೆ, ಅದು ತತ್ಸೇವಿ. ಅದರಿಂದ ಸಾಂತ್ವನ ಸಿಗುತ್ತದೆ, ದಾರಿ ಸಿಗುವುದು ಅಪರೂಪ.

ಇಲ್ಲಿ ಸಾಹಿತ್ಯದ ಓದುಗರು ಒಂದು ಆಕ್ಷೇಪವನ್ನು ಎತ್ತಬಹುದು. ವಡ್ಡಾರಾಧನೆಯ ಮಹಾಪುರುಷರು ಉಪಸರ್ಗಗಳನ್ನು ಮಾತಿಲ್ಲದೆ ಸಹಿಸಿದವರು. ಸುಕುಮಾರಸ್ವಾಮಿಯನ್ನು ನರಿ ಮತ್ತು ಅದರ ಮರಿಗಳು ತಿನ್ನುತ್ತಿದ್ದಾಗಲೂ ಅವನು ಅಲುಗಲಿಲ್ಲ. ಹೇಳಿಕೊಳ್ಳದೆ ಸಹಿಸುವುದೇ ಈ ಪರಂಪರೆಯ ಆದರ್ಶವಲ್ಲವೇ? ಈ ನೆಲದ ಮಕ್ಕಳು ‘ಆರಾಮ’ ಎನ್ನುವುದರಲ್ಲಿ ಅದೇ ಆದರ್ಶದ ದೂರದ ನೆರಳಿಲ್ಲವೇ? ಕಥೆಗಳನ್ನು ಮಾತ್ರ ಓದಿದರೆ ಹಾಗೆ ತೋರುವುದು ಸಹಜ. ಆದರೆ ಮೂಲಗ್ರಂಥದ ಕ್ರಮವನ್ನು ನೋಡಿದರೆ ಚಿತ್ರ ಬದಲಾಗುತ್ತದೆ. ವಡ್ಡಾರಾಧನೆಯ ಗಾಥೆಗಳು ಭಗವತೀ ಆರಾಧನೆಯ ಕವಚ ಎಂಬ ಪ್ರಕರಣಕ್ಕೆ ಸೇರಿದವು. ಬಳಲಿದ ಕ್ಷಪಕನಿಗೆ ಧೈರ್ಯದ ಕವಚ ತೊಡಿಸಲೆಂದು ಹಿಂದಿನವರ ಸಹನೆಯನ್ನು ನೆನಪಿಸುವ ಭಾಗ ಅದು. ಆಲೋಚನೆ ಮತ್ತು ಅದರ ಗುಣದೋಷಗಳ ಪ್ರಕರಣಗಳು ಅದಕ್ಕಿಂತ ಬಹಳ ಮೊದಲೇ ಬರುತ್ತವೆ. ಸಹಿಸಬೇಕಾದವನು ಮೊದಲು ಎಲ್ಲವನ್ನೂ ಹೇಳಿ ಮುಗಿಸಿರುತ್ತಾನೆ. ಕೇಳಿದವರು ಅವನ ಪಕ್ಕದಲ್ಲಿಯೇ ಇರುತ್ತಾರೆ. ಹೇಳದೆ ಉಳಿದ ಮುಳ್ಳಿನ ಮೇಲೆ ಕವಚ ತೊಡಿಸಿದರೆ ಮುಳ್ಳು ಇನ್ನಷ್ಟು ಒಳಗೆ ಇಳಿಯುತ್ತದೆ. ಕನ್ನಡದ ಓದು ಕವಚವನ್ನು ಮೆಚ್ಚಿಕೊಂಡಷ್ಟು ಆಲೋಚನೆಯನ್ನು ಮೆಚ್ಚಿಕೊಂಡಿಲ್ಲವೆಂದೇ ಹೇಳಬೇಕು.

ಈ ಹೋಲಿಕೆಯನ್ನು ಎಲ್ಲಿಯವರೆಗೆ ಎಳೆಯಬಹುದು ಎಂಬುದನ್ನೂ ಗಮನಿಸಬೇಕು. ಆಲೋಚನೆಯಲ್ಲಿ ಮುಂದಿಡುವುದು ದೋಷವನ್ನು, ವ್ರತಕ್ಕೆ ಆದ ಭಂಗವನ್ನು. ವಿದ್ಯಾರ್ಥಿ ಮುಚ್ಚಿಡುವುದಾದರೂ ಏನನ್ನು? ಕಪ್ಪತಗುಡ್ಡದ ಬುಡದ ಹಳ್ಳಿಯೊಂದರಿಂದ ಧಾರವಾಡಕ್ಕೆ ಎಂ.ಎ. ಓದಲು ಬಂದ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಬಹುದು. ಮನೆತನದಲ್ಲಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವಳು ಅವಳೇ ಮೊದಲಿಗಳು. ಇಂಗ್ಲಿಷ್ ಉಪನ್ಯಾಸ ಅರ್ಥವಾಗುವುದಿಲ್ಲ. ಗ್ರಂಥಾಲಯದಲ್ಲಿ ಪುಸ್ತಕ ಕೇಳಲು ಸಂಕೋಚ. ರಾತ್ರಿ ಊರಿನ ನೆನಪು. ಇವುಗಳಲ್ಲಿ ದೋಷವೆನ್ನಬಹುದಾದದ್ದು ಒಂದೂ ಇಲ್ಲ. ಆದರೆ ಪ್ರಶ್ನಾವಳಿ ಇವುಗಳನ್ನೆಲ್ಲ ಕೂಡಿಸಿ ‘ಅತೃಪ್ತಿಕರ ಹೊಂದಾಣಿಕೆ’ ಎಂಬ ದರ್ಜೆಗೆ ಹಾಕುತ್ತದೆ. ಕಷ್ಟವನ್ನು ದೋಷವನ್ನಾಗಿ ಮಾಡಿದ್ದು ಕೇಳಿದವರ ಭಾಷೆ. ಅದಾದ ಮೇಲೆ ಅವಳು ಅದನ್ನು ಮುಚ್ಚಿಟ್ಟರೆ ಮುಚ್ಚಿಟ್ಟದ್ದಕ್ಕೆ ಅವಳೊಬ್ಬಳನ್ನೇ ಹೊಣೆಯಾಗಿಸುವುದು ನ್ಯಾಯವಾಗುವುದಿಲ್ಲ.

ಅವಳಿಗೆ ಇನ್ನೊಂದು ಭಯವೂ ಇರುತ್ತದೆ. ವಾರಕ್ಕೊಮ್ಮೆ ಫೋನಿನಲ್ಲಿ ತಾಯಿ ‘ಅಲ್ಲೆಲ್ಲಾ ಬರೋಬರಿ ಐತೇನವಾ?’ ಎಂದು ಕೇಳುತ್ತಾಳೆ. ‘ಹೂಂ ಯವ್ವಾ, ಆರಾಮ ಅದೀನಿ’ ಎಂದು ಅವಳು ಹೇಳುತ್ತಾಳೆ. ಕಷ್ಟವೆಂದು ಬಾಯಿಬಿಟ್ಟರೆ ‘ಸಾಕು, ಬಂದುಬಿಡು’ ಎಂಬ ಮಾತು ಆ ಕಡೆಯಿಂದ ಬರಬಹುದು. ಬಂದುಬಿಟ್ಟರೆ ಓದು ಮುಗಿಯಿತು, ಮದುವೆಯ ಮಾತು ಮೊದಲಾಯಿತು. ಅವಳ ‘ಆರಾಮ’ ಎಂಬ ಉತ್ತರ ಅವಳ ಓದಿಗೆ ಅವಳೇ ಕಟ್ಟಿಕೊಂಡ ಬೇಲಿ. ಉತ್ತರ ಕರ್ನಾಟಕದ ತ್ರಿಪದಿಗಳನ್ನು ಓದಿದವರಿಗೆ ಈ ದನಿ ಹೊಸದಲ್ಲ. ಗಂಡನ ಮನೆಯಲ್ಲಿ ನೊಂದ ಹೆಣ್ಣುಮಗಳು ಕರೆಯಲು ಬಂದ ಅಣ್ಣನ ಮುಂದೆ ಕಣ್ಣೀರು ನುಂಗಿ, ತವರಿನ ಹೆಸರಿಗೆ ಕುಂದು ಬಾರದಂತೆ ನಡೆದುಕೊಳ್ಳುವ ಚಿತ್ರ ಜನಪದ ಸಾಹಿತ್ಯದಲ್ಲಿ ಮತ್ತೆ ಮತ್ತೆ ಬರುತ್ತದೆ. ಹೊಸ ಮನೆಗೆ ಹೊಂದಿಕೊಂಡೆಯಾ ಎಂಬ ಪ್ರಶ್ನೆಗೆ ಕನ್ನಡ ನೆಲದಲ್ಲಿ ಬಹುಕಾಲ ಉತ್ತರ ಕೊಟ್ಟವಳು ಅವಳು. ಅವಳ ಉತ್ತರ ಅವಳೊಬ್ಬಳದಾಗಿರಲಿಲ್ಲ; ಎರಡು ಮನೆಗಳ ಮಾನ ಅದರಲ್ಲಿ ಸೇರಿತ್ತು. ಹಾಸ್ಟೆಲಿನ ವಿದ್ಯಾರ್ಥಿಯೂ ಗೆರೆ ಎಳೆಯುವಾಗ ತನ್ನೊಬ್ಬನ ಪರವಾಗಿ ಎಳೆಯುವುದಿಲ್ಲ. ಸಾಲ ಮಾಡಿ ಶುಲ್ಕ ಕಟ್ಟಿದ ಅಪ್ಪ, ಗುಳೆ ಹೋಗಿ ದುಡಿದು ಹಣ ಕಳಿಸುವ ಅಣ್ಣ, ‘ಊರಾಗ ಏನಂತಾರ’ ಎಂಬ ಅಂಜಿಕೆ ಎಲ್ಲವೂ ಆ ಪೆನ್ನನ್ನು ಹಿಡಿದಿರುತ್ತವೆ.

ಇದರ ಜೊತೆಗೆ ಭಾಷೆಯ ಪ್ರಶ್ನೆಯೂ ಇದೆ. ಕವಿರಾಜಮಾರ್ಗವು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ನಾಡನ್ನು ಕನ್ನಡದ ತಿರುಳೆಂದು ಗುರುತಿಸಿತು. 941ರಲ್ಲಿ ವಿಕ್ರಮಾರ್ಜುನ ವಿಜಯವನ್ನು ಮುಗಿಸಿದ ಪಂಪ ತನ್ನ ಕಾವ್ಯದ ನುಡಿ ಪುಲಿಗೆರೆಯ ತಿರುಳುಗನ್ನಡವೆಂದು ಹೆಮ್ಮೆಪಟ್ಟ. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಆ ಊರಿನ ಹುಡುಗನೊಬ್ಬ ಇಂದು ಬೆಂಗಳೂರಿನ ವಿಶ್ವವಿದ್ಯಾಲಯದಲ್ಲಿ ಬಾಯಿ ತೆರೆಯುವ ಮುನ್ನ ತನ್ನ ಮಾತು ನಗೆಪಾಟಲಾದೀತೇ ಎಂದು ಅಳುಕುವುದುಂಟು. ಅವನ ಕೈಗೆ ಬರುವ ಪ್ರಶ್ನಾವಳಿಯಾದರೂ ಅವನ ಕನ್ನಡದಲ್ಲಿರುತ್ತದೆಯೇ? ‘ನೀವು ಸಹಪಾಠಿಗಳೊಡನೆ ಭಾವನಾತ್ಮಕವಾಗಿ ಸಮಾಯೋಜಿತರಾಗಿದ್ದೀರಾ?’ ಎಂಬಂಥ ವಾಕ್ಯ ಇಂಗ್ಲಿಷಿನಿಂದ ಇಳಿದು ಸಂಸ್ಕೃತದಲ್ಲಿ ನಿಂತದ್ದು. ಅಂಥ ವಾಕ್ಯಕ್ಕೆ ಹೌದು ಎನ್ನುವುದು ಸುರಕ್ಷಿತ. ಅರ್ಥವಾಗಲಿಲ್ಲವೆಂದು ಹೇಳುವುದೇ ಒಂದು ಸೋಲು. ಗದಗಿಗೆ ಸಮೀಪದ ಮುಳಗುಂದದಲ್ಲಿ ಕುಳಿತು 1112ರಲ್ಲಿ ಧರ್ಮಾಮೃತವನ್ನು ಬರೆದ ನಯಸೇನ ಕನ್ನಡಕ್ಕೆ ಸಲ್ಲದ ಸಕ್ಕದವನ್ನು ಬೆರೆಸುವವರನ್ನು ತುಪ್ಪಕ್ಕೆ ಎಣ್ಣೆ ಬೆರೆಸುವವರಿಗೆ ಹೋಲಿಸಿದ. ಪ್ರಶ್ನಾವಳಿಗಳನ್ನು ಅನುವಾದಿಸುವವರು ಅವನ ಎಚ್ಚರಿಕೆಯನ್ನು ನೆನೆಯಬೇಕು. ‘ಊಟಕ್ಕ ಯಾರ ಜೋಡಿ ಕುಂದ್ರತಿ?’ ಎಂದು ಕೇಳಿದರೆ ಬರುವ ಉತ್ತರದಲ್ಲಿ ಒಂದು ಹೆಸರಿರುತ್ತದೆ, ಇಲ್ಲವೇ ಹೆಸರಿಲ್ಲದ ಮೌನವಿರುತ್ತದೆ. ಎರಡೂ ಸಂಶೋಧಕನಿಗೆ ಬೇಕಾದ ಮಾಹಿತಿಯೇ.

ಸುಳ್ಳನ್ನು ಹಿಡಿಯಲು ಪ್ರಶ್ನಾವಳಿಗಳೊಳಗೆ ಸೇರಿಸುವ ಉಪಮಾಪಕಗಳು ಈ ಸೀಮೆಯಲ್ಲಿ ಎಷ್ಟು ಕೆಲಸ ಮಾಡಬಲ್ಲವು ಎಂಬುದೂ ವಿಚಾರಾರ್ಹ. ಯಾರ ಮೇಲೂ ಎಂದೂ ಕೋಪ ಬಂದಿಲ್ಲ, ಒಮ್ಮೆಯೂ ಮಾತು ತಪ್ಪಿಲ್ಲ ಎಂಬಂಥ ಹೇಳಿಕೆಗಳಿಗೆ ಒಪ್ಪಿಗೆ ಸೂಚಿಸಿದವರು ತಮ್ಮನ್ನು ಅಲಂಕರಿಸಿ ತೋರಿಸುತ್ತಿದ್ದಾರೆಂದು ಅವು ತೀರ್ಮಾನಿಸುತ್ತವೆ. ಸತ್ಯಾಣುವ್ರತವನ್ನು ಕಟ್ಟುನಿಟ್ಟಾಗಿ ಪಾಲಿಸುವ ಮನೆಯಲ್ಲಿ ಬೆಳೆದ ಹುಡುಗಿ ತನ್ನ ನಡತೆಯನ್ನು ಇದ್ದಂತೆಯೇ ಹೇಳಿದರೂ ಈ ಲೆಕ್ಕದಲ್ಲಿ ಅವಳು ನಟಿಸುತ್ತಿದ್ದಾಳೆ. ಇಂಥ ಮಾಪಕಗಳು ಅಳೆಯುವುದು ನಟನೆಯನ್ನೋ ನಿಜವಾದ ಶೀಲವನ್ನೋ ಎಂಬ ಚರ್ಚೆಯನ್ನು ರಾಬರ್ಟ್ ಮೆಕ್ರೇ ಮತ್ತು ಪಾಲ್ ಕೋಸ್ಟಾ 1983ರಲ್ಲಿಯೇ ಎತ್ತಿದ್ದರು.

ಹಾಗಾದರೆ ಸಂಶೋಧಕರ ಕೈಯಲ್ಲಿರುವ ಉಪಾಯಗಳಾವುವು? ಇಲ್ಲಿ ಸ್ವಾರಸ್ಯಕರವಾದ ಒಂದು ತಿರುವು ಕಾಣುತ್ತದೆ. ಆಚಾರ್ಯರು ದೋಷವೆಂದು ಎಣಿಸಿದ ಎರಡು ರೀತಿಗಳನ್ನು ಆಧುನಿಕ ಸಮೀಕ್ಷಾಶಾಸ್ತ್ರ ಔಷಧವಾಗಿ ಬಳಸುತ್ತದೆ. ಮೊದಲನೆಯದು ಛನ್ನ. ‘ನಿಮಗೆ ಊರಿಗೆ ಮರಳಬೇಕೆನಿಸುತ್ತದೆಯೇ?’ ಎಂದು ಕೇಳದೆ ‘ನಿಮ್ಮಂತೆ ಹಳ್ಳಿಯಿಂದ ಬಂದವರಿಗೆ ಮರಳಬೇಕೆನಿಸುವುದುಂಟೇ?’ ಎಂದು ಕೇಳುತ್ತಾರೆ. ಪರರ ಹೆಸರಿನ ಮರೆಯಲ್ಲಿ ವಿದ್ಯಾರ್ಥಿ ತನ್ನದನ್ನು ಹೇಳುತ್ತಾನೆಂಬ ನಿರೀಕ್ಷೆ ಅದರ ಹಿಂದಿದೆ. ಎರಡನೆಯದು ಶಬ್ದಾಕುಲಿತ. 1965ರಲ್ಲಿ ಸ್ಟ್ಯಾನ್ಲಿ ವಾರ್ನರ್ ಸೂಚಿಸಿದ ಯಾದೃಚ್ಛಿಕ ಉತ್ತರ ವಿಧಾನ ಉದ್ದೇಶಪೂರ್ವಕವಾಗಿ ಗದ್ದಲವನ್ನು ಸೇರಿಸುತ್ತದೆ. ಅನಂತರ ಬಳಕೆಗೆ ಬಂದ ಅದರ ಸರಳ ರೂಪ ಹೀಗಿದೆ: ವಿದ್ಯಾರ್ಥಿ ಯಾರಿಗೂ ತೋರಿಸದೆ ನಾಣ್ಯ ಚಿಮ್ಮುತ್ತಾನೆ. ಒಂದು ಮುಖ ಬಿದ್ದರೆ ಸುಮ್ಮನೆ ‘ಹೌದು’ ಎಂದು ಬರೆಯಬೇಕು. ಇನ್ನೊಂದು ಬಿದ್ದರೆ ನಿಜವನ್ನು ಬರೆಯಬೇಕು. 100 ಮಂದಿಯಲ್ಲಿ 65 ಮಂದಿ ‘ಹೌದು’ ಎಂದರೆಂದು ಇಟ್ಟುಕೊಳ್ಳೋಣ. ಅವರಲ್ಲಿ ಸುಮಾರು 50 ನಾಣ್ಯದ ಮಾತು. ಉಳಿದ 50 ಮಂದಿಯಲ್ಲಿ 15 ಮಂದಿಯ ‘ಹೌದು’ ನಿಜದ್ದು, ಅಂದರೆ ನೂರಕ್ಕೆ 30. ಯಾವ ಒಂದು ಹಾಳೆಯನ್ನು ಎತ್ತಿಕೊಂಡರೂ ಆ ವಿದ್ಯಾರ್ಥಿಯ ಗುಟ್ಟು ತಿಳಿಯುವುದಿಲ್ಲ. ಗುಂಪಿನ ಲೆಕ್ಕ ಮಾತ್ರ ಸಿಗುತ್ತದೆ.

ದೋಷವೇ ಉಪಾಯವಾದದ್ದು ಹೇಗೆ? ಎರಡರ ಉದ್ದೇಶ ಬೇರೆಯಾದ್ದರಿಂದ. ಸಮೀಕ್ಷೆಗೆ ಬೇಕಾದದ್ದು ಹಲವರ ಲೆಕ್ಕ, ಆಲೋಚನೆಗೆ ಬೇಕಾದದ್ದು ಒಬ್ಬನ ಶುದ್ಧಿ. ಗದ್ದಲದಲ್ಲಿ ಲೆಕ್ಕ ಸರಿಹೋದೀತು, ಒಬ್ಬನ ಮುಳ್ಳು ಹೊರಬರುವುದಿಲ್ಲ. ನೂರಕ್ಕೆ 30 ಮಂದಿ ಊರಿಗೆ ಮರಳಬೇಕೆಂದಿದ್ದಾರೆ ಎಂಬುದು ವಿಶ್ವವಿದ್ಯಾಲಯಕ್ಕೆ ತಿಳಿದ ರಾತ್ರಿಯೂ ಆ ಮೂವತ್ತರಲ್ಲೊಬ್ಬಳು ಗಂಟು ಕಟ್ಟಿ ಗದಗಿನ ಬಸ್ಸು ಹತ್ತಬಹುದು. ಅವಳನ್ನು ತಡೆಯಬಲ್ಲದ್ದು ಕೋಷ್ಟಕವಲ್ಲ. ಅವಳ ಮಾತನ್ನು ಕೇಳಿಸಿಕೊಳ್ಳಬಲ್ಲ ಒಬ್ಬ ವ್ಯಕ್ತಿ.

ಆ ವ್ಯಕ್ತಿ ಹೇಗಿರಬೇಕೆಂಬುದನ್ನೂ ಭಗವತೀ ಆರಾಧನಾ ಹೇಳುತ್ತದೆ. ಆಲೋಚನೆಯನ್ನು ಕೇಳುವ ನಿರ್ಯಾಪಕ ಆಚಾರ್ಯನಿಗೆ ಇರಬೇಕಾದ ಎಂಟು ಗುಣಗಳಲ್ಲಿ ಒಂದು ಅಪರಿಸ್ರಾವಿತ್ವ, ಅಂದರೆ ಸೋರದಿರುವುದು. ಕಾದ ಕಬ್ಬಿಣ ಕುಡಿದ ನೀರು ಹೊರಗೆ ಬಾರದಂತೆ ಅವನಿಗೆ ಹೇಳಿದ ದೋಷ ಹೊರಗೆ ಬರಬಾರದು ಎಂಬುದು ಅಲ್ಲಿಯ ಹೋಲಿಕೆಯ ಭಾವ. ಗುಟ್ಟನ್ನು ಹೊರಗೆಡಹಿದ ಆಚಾರ್ಯ ಹೇಳಿದವನನ್ನು ಮಾತ್ರವಲ್ಲ, ಸಂಘವನ್ನೂ ಧರ್ಮವನ್ನೂ ಕೈಬಿಟ್ಟಂತೆ ಎಂಬ ಕಟುವಾದ ನಿಲುವು ಆ ಗ್ರಂಥದ್ದು. ಹೇಳುವವನ ಹತ್ತು ದೋಷಗಳ ಎದುರಿಗೆ ಕೇಳುವವನ ಎಂಟು ಗುಣಗಳನ್ನು ಇಟ್ಟಿರುವುದರಲ್ಲಿ ಒಂದು ನ್ಯಾಯವಿದೆ. ಪ್ರಾಮಾಣಿಕತೆಯ ಭಾರವನ್ನು ಅದು ಒಂದೇ ಹೆಗಲಿಗೆ ಹೊರಿಸುವುದಿಲ್ಲ.

ಇಂದಿನ ಸಂಸ್ಥೆಗಳು ಆ ಭಾರವನ್ನು ಹೇಗೆ ಹಂಚಿವೆ? ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ರ‍್ಯಾಗಿಂಗ್ ವಿರೋಧಿ ನಿಯಮಗಳಲ್ಲಿ ಎರಡು ಬಗೆಯ ಬರಹಗಳಿವೆ. ಪ್ರವೇಶದ ವೇಳೆ ವಿದ್ಯಾರ್ಥಿ ಮತ್ತು ಪಾಲಕರು ಹೆಸರು ಬರೆದು ಸಹಿ ಹಾಕುವ ಪ್ರಮಾಣಪತ್ರ ಒಂದು. ಹೊಸ ವಿದ್ಯಾರ್ಥಿಗಳ ನಡುವೆ ಹೆಸರಿಲ್ಲದೆ ನಡೆಸುವ ಸಮೀಕ್ಷೆ ಇನ್ನೊಂದು. ಹೆಸರಿದ್ದಲ್ಲಿ ಪ್ರತಿಜ್ಞೆ ಸಿಗುತ್ತದೆ, ಹೆಸರಿಲ್ಲದಲ್ಲಿ ಸುದ್ದಿ ಸಿಗಬಹುದು ಎಂಬ ಅರಿವು ಆ ನಿಯಮಗಳನ್ನು ಬರೆದವರಿಗೆ ಇತ್ತು. ಇತ್ತ ನ್ಯಾಕ್ ಮೌಲ್ಯಮಾಪನದಲ್ಲಿ ವಿದ್ಯಾರ್ಥಿ ತೃಪ್ತಿಯ ಸಮೀಕ್ಷೆಯೂ ಒಂದಂಶವಾದ ಮೇಲೆ ವಿದ್ಯಾರ್ಥಿಯ ಉತ್ತರದಲ್ಲಿ ಸಂಸ್ಥೆಯ ಶ್ರೇಯಸ್ಸೂ ಸೇರಿಕೊಂಡಿದೆ. ಉತ್ತರದಿಂದ ತನಗೇ ಲಾಭ ನಷ್ಟವಿರುವವನು ಅಪರಿಸ್ರಾವಿಯಾಗಿ ಕೇಳುವುದು ಕಷ್ಟ. ಕೇಳುವವನಿಗೆ ಬೇಕಾದ ಉತ್ತರ ಯಾವುದೆಂದು ತಿಳಿದಾಗ ವಿದ್ಯಾರ್ಥಿ ಅದನ್ನೇ ಕೊಟ್ಟಾನು. ಕೊಡುವುದು ಅವನಿಗೆ ಕಲಿಸಿದ ಮರ್ಯಾದೆಯೂ ಹೌದು.

ಸಾಹಿತ್ಯ ಮತ್ತು ಇತಿಹಾಸದ ಸಂಶೋಧಕರು ಈ ಸಮಸ್ಯೆಯನ್ನು ಹೊರಗಿನದೆಂದು ಭಾವಿಸಬೇಕಾಗಿಲ್ಲ. ಅವರು ದಿನವೂ ಓದುವ ಪ್ರಶಸ್ತಿಗಳೆಲ್ಲ ಅಪೇಕ್ಷಣೀಯತೆಯ ಒಲವಿನ ಬರಹಗಳೇ. ತಾನು ಅಂಜುಬುರುಕನೆಂದು ಬರೆಸಿಕೊಂಡ ಅರಸನಿಲ್ಲ, ಜಿಪುಣನೆಂದು ಕೆತ್ತಿಸಿಕೊಂಡ ದಾನಿಯಿಲ್ಲ. ಲಕ್ಷ್ಮೇಶ್ವರದ ಶಂಖ ಬಸದಿಗೆ ಸಂಬಂಧಿಸಿದ ಬಾದಾಮಿ ಚಾಲುಕ್ಯರ ದಾನಶಾಸನಗಳು ಆ ಅರಸರ ಕಾಲಕ್ಕಿಂತ ಈಚಿನ ಅಕ್ಷರಗಳಲ್ಲಿ ಕಲ್ಲಿಗೆ ಏರಿರುವುದನ್ನು ಜೆ.ಎಫ್. ಫ್ಲೀಟ್ 19ನೆಯ ಶತಮಾನದಲ್ಲಿಯೇ ಗಮನಿಸಿದರು. ಆದರೂ ಇತಿಹಾಸಕಾರರು ಅವುಗಳನ್ನು ಎಸೆಯಲಿಲ್ಲ. ಲಿಪಿಯನ್ನು ನೋಡಿದರು, ಬೇರೆ ಶಾಸನಗಳೊಡನೆ ತಾಳೆ ಹಾಕಿದರು, ಯಾರು ಯಾವಾಗ ಯಾಕೆ ಬರೆಸಿರಬಹುದೆಂದು ಕೇಳಿದರು. ಹೊಗಳಿಕೆಯಿಂದ ಅರಸನ ಗುಣ ತಿಳಿಯದಿದ್ದರೂ ಆ ಕಾಲ ಯಾವುದನ್ನು ಗುಣವೆಂದು ಎಣಿಸಿತ್ತು ಎಂಬುದು ತಿಳಿಯುತ್ತದೆ. ವಿದ್ಯಾರ್ಥಿಗಳ ಉತ್ತರಪತ್ರಿಕೆಯನ್ನೂ ಹೀಗೆಯೇ ಓದಬಹುದು. ಅದರಲ್ಲಿ ಮೊದಲು ಕಾಣುವುದು ವಿದ್ಯಾರ್ಥಿಯ ಸ್ಥಿತಿಯಲ್ಲ. ವಿಶ್ವವಿದ್ಯಾಲಯ ತನ್ನಿಂದ ಏನನ್ನು ಬಯಸುತ್ತದೆಂದು ಅವನು ತಿಳಿದುಕೊಂಡಿದ್ದಾನೋ ಅದು.

ತಾಳೆ ಹಾಕಲು ಬೇರೆ ದಾಖಲೆಗಳೂ ಇವೆ. ಹಾಜರಿ ಪುಸ್ತಕ, ಗ್ರಂಥಾಲಯದ ಎರವಲು, ಮೊದಲ ಸೆಮಿಸ್ಟರ್ ಮುಗಿಯುವ ಮೊದಲೇ ಹಾಸ್ಟೆಲ್ ಬಿಟ್ಟವರ ಪಟ್ಟಿ, ಪ್ರತಿ ಶನಿವಾರ ಊರಿಗೆ ಹೋಗುವವರ ಸಂಖ್ಯೆ ಇವುಗಳಿಗೆ ಮೆಚ್ಚಿಸುವ ಹಂಗಿಲ್ಲ. ಪ್ರಶ್ನಾವಳಿಯನ್ನು ಅಂಕ ಕೊಡುವವರಲ್ಲದೆ ಬೇರೆಯವರು ಹಂಚಬಹುದು. ಹೆಸರು, ನೋಂದಣಿ ಸಂಖ್ಯೆಗಳನ್ನು ಕೇಳದಿರಬಹುದು. ಅದೇ ವಿದ್ಯಾರ್ಥಿಗಳ ಬಳಿಗೆ ಕೆಲವು ವಾರಗಳ ಅನಂತರ ಹಾಳೆಯಿಲ್ಲದೆ ಹೋಗಿ ಅವರ ಮಾತಿನಲ್ಲಿಯೇ ಇನ್ನೊಮ್ಮೆ ಕೇಳಬಹುದು. ಎರಡು ಉತ್ತರಗಳ ನಡುವಿನ ಅಂತರವೇ ಒಳ್ಳೆಯ ಪ್ರಬಂಧಕ್ಕೆ ವಸ್ತುವಾದೀತು. ಇದಕ್ಕೆ ಸಮಯ ಹಿಡಿಯುತ್ತದೆ, ಮಾದರಿಯ ಗಾತ್ರ ಕುಗ್ಗುತ್ತದೆ, ಕೋಷ್ಟಕಗಳು ಕಡಿಮೆಯಾಗುತ್ತವೆ. ಆದರೆ ಕಪ್ಪತಗುಡ್ಡದ ಬುಡದಿಂದ ಬಂದ ಹುಡುಗಿ ಎರಡನೆಯ ಬಾರಿ ಕೇಳಿದಾಗ ಇಂಗ್ಲಿಷ್ ಪಾಠ ತಿಳಿಯುತ್ತಿಲ್ಲವೆಂದು ಹೇಳಿದರೆ, ಆ ಮಾತು ಅವಳ ಮನೆಗೂ ಕಚೇರಿಗೂ ತಲುಪದೆ, ಪಾಠ ಹೇಳಿಕೊಡಬಲ್ಲ ಒಬ್ಬರಿಗೆ ಮಾತ್ರ ತಲುಪಿದರೆ, ಅವಳು ಎರಡನೆಯ ಸೆಮಿಸ್ಟರಿನಲ್ಲಿಯೂ ತರಗತಿಯಲ್ಲಿ ಇರುತ್ತಾಳೆ. ಹೊಂದಾಣಿಕೆಯನ್ನು ಕುರಿತ ಸಂಶೋಧನೆ ಅಂತಿಮವಾಗಿ ಇರುವುದು ಆ ಕಾರಣಕ್ಕೆ.